ಸಮ್ಮಿಲನ ಸ್ಥಾವರದಲ್ಲಿ ಟ್ರಿಟಿಯಮ್ಮಿನ ಹುಟ್ಟು ಮತ್ತು ಬಿಡುಗಡೆ

ಪೀಠಿಕೆ

ನಮ್ಮ ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಒಂದು ಸಂಜೆ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಎರಡು ಪುಸ್ತಕಗಳನ್ನು ತೆರೆದು ಹಿಡಿದುಕೊಂಡು ನನ್ನ ಬಳಿಗೆ ಬಂದನು. “ಗುರುಗಳೇ, ಪರಮಾಣು ಸಮ್ಮಿಲನಕ್ಕೆ ಸಮುದ್ರದ ನೀರೇ ಇಂಧನ, ಅದು ಎಂದಿಗೂ ಮುಗಿಯದು ಎಂದು ಈ ಪುಸ್ತಕದಲ್ಲಿದೆ. ಅದಕ್ಕೆ ಬೇಕಾದ ಟ್ರಿಟಿಯಮ್ ಎಂಬ ವಸ್ತು ಲೋಕದಲ್ಲಿ ಎಲ್ಲಿಯೂ ದೊರೆಯುವುದಿಲ್ಲ ಎಂದು ಆ ಪುಸ್ತಕದಲ್ಲಿದೆ. ಎರಡರಲ್ಲಿ ಯಾವುದು ನಿಜ?” ಎಂದು ಕೇಳಿದನು. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಓದಿಕೊಂಡು ಬಂದ ನನಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. “ತಮ್ಮಾ, ಎರಡೂ ಅಚ್ಚಾದ ಮಾತೇ. ವಿಚಾರಿಸಿ ಹೇಳುತ್ತೇನೆ” ಎಂದು ಅವನನ್ನು ಕಳುಹಿಸಿದೆನು.

ಅಂದಿನಿಂದ ಕೆಲವು ತಿಂಗಳು ವಿಜ್ಞಾನದ ಅಧ್ಯಾಪಕ ಮಿತ್ರರ ನೆರವಿನಿಂದ ಈ ವಿಷಯವನ್ನು ಅಭ್ಯಾಸ ಮಾಡಿದೆನು. ಆಗ ತಿಳಿದುಬಂದ ಸಂಗತಿಯೆಂದರೆ, ಆ ಎರಡು ಪುಸ್ತಕಗಳೂ ಅರ್ಧ ಸತ್ಯವನ್ನು ಹೇಳಿದ್ದವು. ಟ್ರಿಟಿಯಮ್ಮು ನಿಸರ್ಗದಲ್ಲಿ ದೊರೆಯುವುದಿಲ್ಲವೆಂಬುದು ದಿಟ. ಅದನ್ನು ಸ್ಥಾವರದ ಒಳಗೇ ಹುಟ್ಟಿಸಬಹುದೆಂಬುದೂ ದಿಟ. ಆದರೆ ಹುಟ್ಟಿಸಿದ ಮಾತ್ರಕ್ಕೆ ಅದು ಕೈಗೆ ಬಂದಂತಾಗುವುದಿಲ್ಲ. ಅದು ಕಲ್ಲಿನಂತಹ ಘನವಸ್ತುವಿನ ಗರ್ಭದಲ್ಲಿ ಹುಟ್ಟುತ್ತದೆ. ಅಲ್ಲಿಂದ ಅದು ತಕ್ಕ ಕಾಲದಲ್ಲಿ ಹೊರಗೆ ಬರಬೇಕು. ಈ ಹೊರಬರುವಿಕೆಯ ಮೇಲೆಯೇ ಸಮ್ಮಿಲನ ಶಕ್ತಿಯ ಭವಿಷ್ಯದ ಬಹುಪಾಲು ನಿಂತಿದೆ. ಆ ವಿದ್ಯಾರ್ಥಿಗೂ ಅವನಂತಹ ಇತರರಿಗೂ ಉತ್ತರರೂಪವಾಗಿ ಈ ಲೇಖನವನ್ನು ಬರೆದಿದ್ದೇನೆ.

ಟ್ರಿಟಿಯಮ್ ಎಂದರೇನು?

ಜಲಜನಕವು ಮೂರು ರೂಪಗಳಲ್ಲಿದೆ. ಸಾಮಾನ್ಯ ಜಲಜನಕದ ಪರಮಾಣು ಬೀಜದಲ್ಲಿ ಒಂದು ಪ್ರೋಟಾನ್ ಮಾತ್ರ ಇರುತ್ತದೆ. ಅದಕ್ಕೆ ಒಂದು ನ್ಯೂಟ್ರಾನ್ ಸೇರಿದರೆ ಡ್ಯೂಟೀರಿಯಮ್, ಎರಡು ಸೇರಿದರೆ ಟ್ರಿಟಿಯಮ್. ಇವುಗಳನ್ನು ಒಂದೇ ಧಾತುವಿನ ಸಮಸ್ಥಾನಿಗಳೆನ್ನುತ್ತಾರೆ. ಟ್ರಿಟಿಯಮ್ ಎಂಬ ಹೆಸರು ಗ್ರೀಕ್ ಭಾಷೆಯ ‘ಟ್ರಿಟೋಸ್’ ಎಂಬ ಶಬ್ದದಿಂದ ಬಂದುದು. ಅದರ ಅರ್ಥ ‘ಮೂರನೆಯದು’. ನಮ್ಮ ಸಂಸ್ಕೃತದ ‘ತೃತೀಯ’ವೂ ಅದೂ ಒಂದೇ ಮೂಲದ ದಾಯಾದಿ ಶಬ್ದಗಳು. ಆದುದರಿಂದ ಹೆಸರು ಪರದೇಶದ್ದಾದರೂ ನಮಗೆ ತೀರ ಅಪರಿಚಿತವೇನಲ್ಲ.

1934ರಲ್ಲಿ ಕೇಂಬ್ರಿಜ್‌ನಲ್ಲಿ ರುದರ್ಫರ್ಡ್, ಒಲಿಫೆಂಟ್ ಮತ್ತು ಹಾರ್ಟೆಕ್ ಎಂಬ ಮೂವರು ವಿಜ್ಞಾನಿಗಳು ಡ್ಯೂಟೀರಿಯಮ್ಮಿನ ಮೇಲೆ ಡ್ಯೂಟೀರಿಯಮ್ ಬೀಜಗಳನ್ನೇ ವೇಗವಾಗಿ ಹಾಯಿಸಿ ಟ್ರಿಟಿಯಮ್ಮನ್ನು ಮೊದಲ ಬಾರಿಗೆ ಉತ್ಪಾದಿಸಿದರು. ಅದು ವಿಕಿರಣಶೀಲವೆಂಬುದನ್ನು 1939ರಲ್ಲಿ ಅಮೆರಿಕದ ಅಲ್ವರೆಜ್ ಮತ್ತು ಕಾರ್ನಾಗ್ ತೋರಿಸಿಕೊಟ್ಟರು. ಟ್ರಿಟಿಯಮ್ಮಿನ ಅರ್ಧಾಯು ಸುಮಾರು 12.3 ವರ್ಷ. ಇಂದು ಹತ್ತು ಗ್ರಾಂ ಇದ್ದರೆ ಹನ್ನೆರಡು ವರ್ಷ ಚಿಲ್ಲರೆ ಕಾಲದ ಅನಂತರ ಐದು ಗ್ರಾಂ ಮಾತ್ರ ಉಳಿಯುತ್ತದೆ. ಉಳಿದ ಐದು ಗ್ರಾಂ ಹೀಲಿಯಮ್ಮಾಗಿ ಬದಲಾಗಿರುತ್ತದೆ. ವರ್ಷವೊಂದಕ್ಕೆ ನೂರಕ್ಕೆ ಐದೂವರೆ ಭಾಗದಷ್ಟು ತಾನಾಗಿಯೇ ಕರಗಿಹೋಗುವ ಈ ವಸ್ತುವನ್ನು ಕಣಜದಲ್ಲಿ ಧಾನ್ಯವನ್ನು ಕೂಡಿಡುವಂತೆ ಮುಂದಿನ ಪೀಳಿಗೆಗೆಂದು ಕೂಡಿಡಲು ಬರುವುದಿಲ್ಲ.

ಸಮ್ಮಿಲನಕ್ಕೆ ಟ್ರಿಟಿಯಮ್ ಏಕೆ ಬೇಕು?

ಸೂರ್ಯನಲ್ಲಿ ಹಗುರ ಬೀಜಗಳು ಕೂಡಿ ಭಾರವಾದ ಬೀಜಗಳಾಗುವುದರಿಂದ ಶಕ್ತಿ ಹೊಮ್ಮುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ ಆಗಿದೆ. ಭೂಮಿಯ ಮೇಲೆ ಈ ಕ್ರಿಯೆಯನ್ನು ನಡೆಸಲು ಎಲ್ಲಕ್ಕಿಂತ ಸುಲಭವಾದ ಜೋಡಿ ಡ್ಯೂಟೀರಿಯಮ್ ಮತ್ತು ಟ್ರಿಟಿಯಮ್. ಇವೆರಡೂ ಕೂಡಿದಾಗ ಒಂದು ಹೀಲಿಯಮ್ ಬೀಜವೂ ಒಂದು ನ್ಯೂಟ್ರಾನೂ ಹುಟ್ಟಿ, ಒಟ್ಟು 17.6 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ 14.1 ದಶಲಕ್ಷದಷ್ಟನ್ನು ನ್ಯೂಟ್ರಾನು ಹೊತ್ತುಕೊಂಡು ಹೋಗುತ್ತದೆ.

ಈ ಜೋಡಿಯಲ್ಲಿ ಡ್ಯೂಟೀರಿಯಮ್ಮು ಸಮುದ್ರದ ನೀರಿನಲ್ಲಿದೆ. ಸುಮಾರು 6,400 ಜಲಜನಕ ಪರಮಾಣುಗಳಿಗೆ ಒಂದರಂತೆ ಅದು ಬೆರೆತಿರುವುದರಿಂದ ಅದಕ್ಕೆ ಬರವಿಲ್ಲ. ಮೊದಲನೆಯ ಪುಸ್ತಕವು ಹೇಳಿದ್ದು ಈ ಭಾಗವನ್ನು. ಟ್ರಿಟಿಯಮ್ಮಿನ ಸ್ಥಿತಿ ಬೇರೆ. ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದಲ್ಲಿ ಉಂಟುಮಾಡುವ ಟ್ರಿಟಿಯಮ್ಮು ಇಡೀ ಭೂಮಂಡಲಕ್ಕೆ ಕೆಲವೇ ಕಿಲೋಗ್ರಾಂ ಆಗುತ್ತದೆ. ಅದೂ ಸಾಗರಗಳಲ್ಲಿ ಚದುರಿ ಕೈಗೆ ಸಿಗದಂತಿದೆ. ಭಾರಜಲವನ್ನು ಬಳಸುವ ವಿದಳನ ಸ್ಥಾವರಗಳಲ್ಲಿ ಡ್ಯೂಟೀರಿಯಮ್ಮು ನ್ಯೂಟ್ರಾನನ್ನು ಹೀರಿ ಅಲ್ಪಸ್ವಲ್ಪ ಟ್ರಿಟಿಯಮ್ಮಾಗುತ್ತದೆ. ಕೆನಡಾ ದೇಶವು ಅಂತಹ ಸ್ಥಾವರಗಳಿಂದ ಅದನ್ನು ಬೇರ್ಪಡಿಸಿ ಸಂಗ್ರಹಿಸಿದೆ. ನಾಗರಿಕ ಬಳಕೆಗೆ ದೊರೆಯುವ ಟ್ರಿಟಿಯಮ್ಮು ಲೋಕದಲ್ಲೆಲ್ಲ ಸೇರಿ ಸುಮಾರು 25 ಕಿಲೋಗ್ರಾಂ ಎಂದು ತಜ್ಞರ ಅಂದಾಜು.

ಈಗ ಖರ್ಚಿನ ಲೆಕ್ಕವನ್ನು ನೋಡೋಣ. 1,000 ಮೆಗಾವ್ಯಾಟ್ ಸಮ್ಮಿಲನ ಶಕ್ತಿಯನ್ನು ಒಂದು ವರ್ಷ ಎಡೆಬಿಡದೆ ಉತ್ಪಾದಿಸಲು ಸುಮಾರು 56 ಕಿಲೋಗ್ರಾಂ ಟ್ರಿಟಿಯಮ್ ಬೇಕಾಗುತ್ತದೆ. ಎಂದರೆ ದಿನಕ್ಕೆ ಸುಮಾರು 150 ಗ್ರಾಂ. ಲೋಕದ ಸಂಗ್ರಹವೆಲ್ಲವನ್ನೂ ಅಂತಹ ಒಂದೇ ಸ್ಥಾವರಕ್ಕೆ ಕೊಟ್ಟರೂ ಆರು ತಿಂಗಳು ನಡೆಯದು. ಆದುದರಿಂದ ಸ್ಥಾವರವು ತಾನು ಉಣ್ಣುವ ಅನ್ನವನ್ನು ತಾನೇ ಬೆಳೆದುಕೊಳ್ಳಬೇಕು. ಬೇರೆ ದಾರಿಯಿಲ್ಲ.

ಜನಕ ಹೊದಿಕೆ

ಇದಕ್ಕೆ ಉಪಾಯವು ಲಿಥಿಯಮ್ ಎಂಬ ಧಾತುವಿನಲ್ಲಿದೆ. ಸ್ವೀಡನ್ ದೇಶದ ಆರ್ಫ್‌ವೆಡ್‌ಸನ್ ಎಂಬವರು 1817ರಲ್ಲಿ ಒಂದು ಖನಿಜದಲ್ಲಿ ಇದನ್ನು ಕಂಡುಹಿಡಿದರು. ಕಲ್ಲಿನಲ್ಲಿ ದೊರೆತುದರಿಂದ, ಕಲ್ಲು ಎಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದಲೇ ಇದಕ್ಕೆ ಹೆಸರಾಯಿತು. ನಿಸರ್ಗದಲ್ಲಿ ದೊರೆಯುವ ಲಿಥಿಯಮ್ಮಿನಲ್ಲಿ ನೂರಕ್ಕೆ ಏಳೂವರೆ ಪರಮಾಣುಗಳು ಲಿಥಿಯಮ್-6 ಎಂಬ ಜಾತಿಯವು, ಉಳಿದವು ಲಿಥಿಯಮ್-7. ಲಿಥಿಯಮ್-6ರ ಬೀಜವು ಒಂದು ನ್ಯೂಟ್ರಾನನ್ನು ನುಂಗಿದರೆ ಒಡೆದು ಒಂದು ಟ್ರಿಟಿಯಮ್ ಬೀಜವಾಗಿಯೂ ಒಂದು ಹೀಲಿಯಮ್ ಬೀಜವಾಗಿಯೂ ಆಗುತ್ತದೆ, ಜೊತೆಗೆ 4.8 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿಯೂ ಹೊಮ್ಮುತ್ತದೆ. ಲಿಥಿಯಮ್-7ರಿಂದಲೂ ಟ್ರಿಟಿಯಮ್ಮು ಹುಟ್ಟಬಲ್ಲುದು; ಆದರೆ ಅದಕ್ಕೆ ವೇಗವಾದ ನ್ಯೂಟ್ರಾನೇ ಬೇಕು.

ಹೀಗಾಗಿ ಉರಿಯುವ ಪ್ಲಾಸ್ಮಾದ ಸುತ್ತಲೂ ಲಿಥಿಯಮ್ಮನ್ನು ಹೊದಿಸಿದರೆ, ಸಮ್ಮಿಲನದಲ್ಲಿ ಹುಟ್ಟಿದ ನ್ಯೂಟ್ರಾನು ಆ ಹೊದಿಕೆಯನ್ನು ಹೊಕ್ಕು ಹೊಸ ಟ್ರಿಟಿಯಮ್ಮನ್ನು ಹುಟ್ಟಿಸುತ್ತದೆ. ಇಂಗ್ಲಿಷಿನಲ್ಲಿ ಈ ಹೊದಿಕೆಗೆ ಇಟ್ಟಿರುವ ಹೆಸರನ್ನು ನಮ್ಮ ವಿದ್ಯಾರ್ಥಿಯು ‘ಕಂಬಳಿ’ ಎಂದು ಭಾಷಾಂತರಿಸಿದಾಗ ಅವನ ಗೆಳೆಯರು ನಕ್ಕರು. ನಾನು ನಗಲಿಲ್ಲ, ಮೂಲದ ಹೆಸರೂ ಕಂಬಳಿಯೇ. ಆದರೂ ಶಾಸ್ತ್ರಬರಹಕ್ಕೆ ‘ಜನಕ ಹೊದಿಕೆ’ ಎಂಬ ಮಾತು ಒಪ್ಪುವುದೆಂದು ನನಗೆ ತೋರಿತು. ಜಲವನ್ನು ಹುಟ್ಟಿಸುವುದು ಜಲಜನಕ, ಆಮ್ಲವನ್ನು ಹುಟ್ಟಿಸುವುದು ಆಮ್ಲಜನಕ ಎಂದು ನಮ್ಮ ಹಿರಿಯರು ಹೆಸರಿಟ್ಟಿದ್ದಾರೆ. ಅದೇ ಮಾರ್ಗದಲ್ಲಿ ಟ್ರಿಟಿಯಮ್ಮನ್ನು ಹುಟ್ಟಿಸುವ ವಸ್ತುವನ್ನು ‘ಜನಕ ದ್ರವ್ಯ’ವೆಂದು ಕರೆಯಬಹುದು.

ಒಂದು ಸಮ್ಮಿಲನದಲ್ಲಿ ಒಂದೇ ನ್ಯೂಟ್ರಾನ್ ಹುಟ್ಟುತ್ತದೆ. ಖರ್ಚಾಗುವುದೂ ಒಂದು ಟ್ರಿಟಿಯಮ್. ಆದರೆ ಕೆಲವು ನ್ಯೂಟ್ರಾನುಗಳನ್ನು ಉಕ್ಕಿನ ಗೋಡೆಗಳು ಹೀರುತ್ತವೆ, ಕೆಲವು ಸಂದುಗಳಿಂದ ಪಾರಾಗುತ್ತವೆ. ಈ ನಷ್ಟವನ್ನು ತುಂಬಲು ಬೆರಿಲಿಯಮ್ ಅಥವಾ ಸೀಸವನ್ನು ಜೊತೆಗಿಡುತ್ತಾರೆ. ಒಂದು ವೇಗದ ನ್ಯೂಟ್ರಾನು ಬೆರಿಲಿಯಮ್ ಬೀಜಕ್ಕೆ ಬಡಿದಾಗ ಎರಡು ನ್ಯೂಟ್ರಾನುಗಳು ಹೊರಬರಬಹುದು. ಲಿಥಿಯಮ್-6ರ ಪಾಲನ್ನು ಕೃತಕವಾಗಿ ಹೆಚ್ಚಿಸುವುದೂ ಉಂಟು. ಇಷ್ಟೆಲ್ಲ ಮಾಡಿದರೂ, ಖರ್ಚಾದ ಒಂದು ಟ್ರಿಟಿಯಮ್ಮಿಗೆ ಪ್ರತಿಯಾಗಿ ಹುಟ್ಟುವುದು ಒಂದಕ್ಕಿಂತ ತುಸು ಮಾತ್ರ ಹೆಚ್ಚು. ಇಷ್ಟು ಸಣ್ಣ ಲಾಭದ ವ್ಯಾಪಾರದಲ್ಲಿ ಹುಟ್ಟಿದುದು ಒಳಗೇ ಉಳಿದುಬಿಟ್ಟರೆ ಮೂಲಧನಕ್ಕೇ ಮೋಸವಾಗುತ್ತದೆ.

ಘನ ಜನಕ ದ್ರವ್ಯಗಳು

ಜನಕ ದ್ರವ್ಯವು ಕರಗಿದ ಲೋಹವಾಗಿರಬಹುದು, ಇಲ್ಲವೆ ಘನವಾಗಿರಬಹುದು. ಈ ಲೇಖನದ ವಿಷಯವು ಘನದ್ರವ್ಯ. ಲಿಥಿಯಮ್ ಆಕ್ಸೈಡ್, ಲಿಥಿಯಮ್ ಅಲ್ಯುಮಿನೇಟ್, ಲಿಥಿಯಮ್ ಜಿರ್ಕೋನೇಟ್, ಲಿಥಿಯಮ್ ಆರ್ಥೋಸಿಲಿಕೇಟ್, ಲಿಥಿಯಮ್ ಟೈಟನೇಟ್ ಎಂಬ ಐದನ್ನು ವಿಜ್ಞಾನಿಗಳು ಮುಖ್ಯವಾಗಿ ಪರೀಕ್ಷಿಸಿದ್ದಾರೆ. ಇವೆಲ್ಲವೂ ಪಿಂಗಾಣಿಯಂತಹ ವಸ್ತುಗಳು. ಇಂದು ಕೊನೆಯ ಎರಡಕ್ಕೆ ಹೆಚ್ಚಿನ ಮನ್ನಣೆಯಿದೆ.

ಇವುಗಳನ್ನು ದೊಡ್ಡ ಇಟ್ಟಿಗೆಗಳಂತೆ ಮಾಡದೆ ಸಣ್ಣ ಗುಂಡುಗಳಾಗಿ ಮಾಡುತ್ತಾರೆ. ಗುಂಡಿನ ವ್ಯಾಸವು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗೆ. ಎಂದರೆ ರವೆಯ ಕಣದಿಂದ ಗಸಗಸೆ ಕಾಳಿನವರೆಗೆ ಎನ್ನಬಹುದು. ದೊಡ್ಡ ಇಟ್ಟಿಗೆಯು ಒಳಗೆ ಬಿಸಿ, ಹೊರಗೆ ತಂಪು ಎಂಬ ವ್ಯತ್ಯಾಸದಿಂದ ಬಿರಿಯುತ್ತದೆ. ಗುಂಡುಗಳಿಗೆ ಆ ಭಯ ಕಡಿಮೆ. ಎಂತಹ ಆಕಾರದ ಪೆಟ್ಟಿಗೆಯಲ್ಲಾದರೂ ಅವುಗಳನ್ನು ಧಾನ್ಯದಂತೆ ಸುರಿದು ತುಂಬಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅವುಗಳ ಸಂದುಗಳಲ್ಲಿ ಅನಿಲವು ಹರಿದಾಡಬಲ್ಲುದು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಆರ್ಥೋಸಿಲಿಕೇಟನ್ನು ಕರಗಿಸಿ, ಆ ಕರಗಿದ ದ್ರವವನ್ನು ಹನಿಗಳಾಗಿಸಿ, ಹನಿಗಳು ಹೆಪ್ಪುಗಟ್ಟುವಂತೆ ಮಾಡಿ ಗುಂಡುಗಳನ್ನು ಪಡೆಯುವ ಕ್ರಮವನ್ನು ರೂಢಿಸಿದ್ದಾರೆ.

ಹೊರದಾರಿಯ ಹಂತಗಳು

ಒಂದು ಗುಂಡು ಹೊರನೋಟಕ್ಕೆ ಒಂದೇ ಆಗಿ ಕಂಡರೂ ಅದು ಅಸಂಖ್ಯ ಸೂಕ್ಷ್ಮ ಸ್ಫಟಿಕಕಣಗಳು ಒಂದಕ್ಕೊಂದು ಅಂಟಿಕೊಂಡು ಆದುದು. ಕಣಗಳ ನಡುವೆ ಗಡಿಗಳಿವೆ; ಅಲ್ಲಲ್ಲಿ ಕಿರಿಯ ರಂಧ್ರಗಳಿವೆ. ಇಂತಹ ಗುಂಡಿನ ಒಳಗೆ ಹುಟ್ಟಿದ ಟ್ರಿಟಿಯಮ್ಮಿನ ಪ್ರಯಾಣವನ್ನು ಹಂತಹಂತವಾಗಿ ನೋಡೋಣ.

ಮೊದಲನೆಯದು ಜನನ. ಲಿಥಿಯಮ್ ಬೀಜವು ಒಡೆದಾಗ ಟ್ರಿಟಿಯಮ್ ಬೀಜವು 2.7 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನಷ್ಟು ವೇಗಶಕ್ತಿಯಿಂದ ಚಿಮ್ಮುತ್ತದೆ. ಕೆಲವು ಹತ್ತು ಮೈಕ್ರೋಮೀಟರುಗಳಷ್ಟು ದೂರ ಓಡಿ, ದಾರಿಯಲ್ಲಿದ್ದ ಪರಮಾಣುಗಳನ್ನು ಸ್ಥಾನಪಲ್ಲಟಗೊಳಿಸಿ, ಕೊನೆಗೆ ಒಂದೆಡೆ ನಿಲ್ಲುತ್ತದೆ. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕಣವು ಚಿಕ್ಕದಾಗಿದ್ದರೆ ಒಂದು ಕಣದಲ್ಲಿ ಹುಟ್ಟಿದ ಟ್ರಿಟಿಯಮ್ಮು ನೆರೆಯ ಕಣದಲ್ಲಿ ಹೋಗಿ ನಿಲ್ಲುವುದೂ ಉಂಟು. ನಿಂತ ಮೇಲೆ ಅದು ಬಹುಮಟ್ಟಿಗೆ ಆಮ್ಲಜನಕದ ಪರಮಾಣುವಿಗೆ ಅಂಟಿಕೊಂಡಿರುತ್ತದೆ.

ಎರಡನೆಯದು ಕಣದ ಒಳಗಿನ ವಿಸರಣ. ಕಾವಿನಿಂದ ಪ್ರೇರಿತವಾಗಿ ಟ್ರಿಟಿಯಮ್ಮು ಒಂದು ನೆಲೆಯಿಂದ ಮತ್ತೊಂದಕ್ಕೆ ಗೊತ್ತುಗುರಿಯಿಲ್ಲದೆ ಜಿಗಿಯುತ್ತ, ಹೇಗೋ ಕಣದ ಅಂಚನ್ನು ಸೇರುತ್ತದೆ. ಇದಕ್ಕೆ ತಗಲುವ ಕಾಲವು ಕಣದ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿರುತ್ತದೆ. ತ್ರಿಜ್ಯವು ಇಮ್ಮಡಿಯಾದರೆ ಕಾಲವು ನಾಲ್ಮಡಿಯಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು ಪಟ್ಟಾಗುತ್ತದೆ. ಸಣ್ಣ ಕಣಗಳ ಗುಂಡನ್ನು ಬಯಸಲು ಇದೇ ಕಾರಣ.

ಮೂರನೆಯದು ಬಂಧನ. ನ್ಯೂಟ್ರಾನುಗಳ ಹೊಡೆತದಿಂದ ಸ್ಫಟಿಕದಲ್ಲಿ ಕೆಲವೆಡೆ ಆಮ್ಲಜನಕದ ಸ್ಥಾನವು ಬರಿದಾಗಿರುತ್ತದೆ. ನಡೆದು ಬರುವ ಟ್ರಿಟಿಯಮ್ಮು ಇಂತಹ ಕುಳಿಗಳಲ್ಲಿ ಸಿಕ್ಕಿಬೀಳಬಹುದು. ಕಾವು ಹೆಚ್ಚಾದರೆ ಕುಳಿಗಳು ಮುಚ್ಚಿಹೋಗಿ ಸೆರೆಯಾದುದು ಬಿಡುಗಡೆ ಹೊಂದುತ್ತದೆ.

ನಾಲ್ಕನೆಯದು ಮೇಲ್ಮೈಯನ್ನು ಬಿಡುವುದು. ಕಣದ ಅಂಚಿಗೆ, ರಂಧ್ರದ ಗೋಡೆಗೆ ಬಂದ ಟ್ರಿಟಿಯಮ್ಮು ಒಡನೆಯೇ ಹಾರಿಹೋಗುವುದಿಲ್ಲ. ಅಲ್ಲಿಯೂ ಅದು ಆಮ್ಲಜನಕವನ್ನು ಹಿಡಿದುಕೊಂಡು ಕುಳಿತಿರುತ್ತದೆ. ಅದು ಮೇಲ್ಮೈಯನ್ನು ಬಿಡಬೇಕಾದರೆ ಸಂಗಾತಿಯೊಂದು ಬೇಕು. ಇನ್ನೊಂದು ಜಲಜನಕ ಪರಮಾಣುವಿನೊಡನೆ ಕೂಡಿ ಅನಿಲವಾಗಿ ಹೋಗಬಹುದು, ಇಲ್ಲವೆ ಆಮ್ಲಜನಕವನ್ನೂ ಸೇರಿಸಿಕೊಂಡು ನೀರಿನ ಆವಿಯಾಗಿ ಹೋಗಬಹುದು.

ಐದನೆಯದು ರಂಧ್ರಗಳ ಮೂಲಕ ಗುಂಡಿನ ಹೊರಮೈಗೆ ಬರುವುದು. ಹೊರಕ್ಕೆ ತೆರೆದ ರಂಧ್ರಗಳಿದ್ದರೆ ಇದು ಸುಲಭ. ಮುಚ್ಚಿದ ರಂಧ್ರಗಳಾದರೆ ಕಷ್ಟ. ಆರನೆಯದು, ಗುಂಡುಗಳ ಸಂದಿನಲ್ಲಿ ಮೆಲ್ಲನೆ ಹರಿಯುವ ಹೀಲಿಯಮ್ ಅನಿಲವು ಅದನ್ನು ಸೆಳೆದೊಯ್ಯುವುದು. ಇದನ್ನು ವಾಹಕ ಅನಿಲವೆನ್ನೋಣ. ಮುಂದೆ ಶುದ್ಧೀಕರಣದ ಘಟಕದಲ್ಲಿ ಟ್ರಿಟಿಯಮ್ಮನ್ನು ಬೇರ್ಪಡಿಸಿ ಪುನಃ ಪ್ಲಾಸ್ಮಾಕ್ಕೆ ಉಣಿಸುತ್ತಾರೆ.

ಈ ಆರು ಹಂತಗಳಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಅದೇ ಇಡೀ ಪ್ರಯಾಣದ ವೇಗವನ್ನು ನಿರ್ಣಯಿಸುತ್ತದೆ. ಉಳಿದ ಹಂತಗಳನ್ನು ಎಷ್ಟು ಚುರುಕುಗೊಳಿಸಿದರೂ ಆ ಒಂದು ಇಕ್ಕಟ್ಟು ಸರಿಯಾಗದಿದ್ದರೆ ಪ್ರಯೋಜನವಿಲ್ಲ. ಆದುದರಿಂದ ಇಕ್ಕಟ್ಟು ಎಲ್ಲಿದೆ ಎಂಬುದೇ ವಿಜ್ಞಾನಿಗಳ ಮುಖ್ಯ ಪ್ರಶ್ನೆಯಾಯಿತು.

ಪ್ರಯೋಗಗಳು ಕಲಿಸಿದ ಪಾಠ

ಆರಂಭದಲ್ಲಿ ಕಣದ ಒಳಗಿನ ವಿಸರಣವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡು ಬಿಡುಗಡೆಯನ್ನು ವಿವರಿಸುವ ಪ್ರಯತ್ನಗಳು ನಡೆದವು. ಅನಂತರ ವಿದಳನ ಸ್ಥಾವರಗಳ ಒಳಗೇ ಜನಕ ದ್ರವ್ಯವನ್ನಿಟ್ಟು, ಅದರ ಮೂಲಕ ಅನಿಲವನ್ನು ಹಾಯಿಸಿ, ಹೊರಬರುವ ಟ್ರಿಟಿಯಮ್ಮನ್ನು ಕ್ಷಣಕ್ಷಣಕ್ಕೂ ಅಳೆಯುವ ಪ್ರಯೋಗಗಳು ನಡೆದವು. 1980ರ ದಶಕದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಲಿಥಿಯಮ್ ಅಲ್ಯುಮಿನೇಟಿನ ಮೇಲೆ ನಡೆದ ‘ಟ್ರಿಯೋ’ ಎಂಬ ಪ್ರಯೋಗ, ನೆದರ್‌ಲ್ಯಾಂಡ್ಸ್ ದೇಶದ ಪೆಟೆನ್‌ನಲ್ಲಿ ಅನೇಕ ದ್ರವ್ಯಗಳ ಮೇಲೆ ನಡೆದ ‘ಎಕ್ಸಾಟಿಕ್’ ಎಂಬ ಪ್ರಯೋಗಮಾಲೆ, 1990ರ ದಶಕದ ಆರಂಭದಲ್ಲಿ ಅಮೆರಿಕದ ಹ್ಯಾನ್‌ಫರ್ಡಿನಲ್ಲಿ ಹಲವು ದೇಶಗಳು ಕೂಡಿ ಲಿಥಿಯಮ್ ಆಕ್ಸೈಡಿನ ಮೇಲೆ ನಡೆಸಿದ ‘ಬಿಯಾಟ್ರಿಕ್ಸ್-2’ ಎಂಬ ಪ್ರಯೋಗ ಇವು ಪ್ರಸಿದ್ಧವಾದವು.

ಇಂತಹ ಪ್ರಯೋಗಗಳಲ್ಲಿ ಕಂಡುಬಂದ ಎರಡು ಸಂಗತಿಗಳು ವಿದ್ಯಾರ್ಥಿಗಳು ಮನನ ಮಾಡತಕ್ಕವು.

ಒಂದನೆಯದಾಗಿ, ಕಾವನ್ನು ಒಮ್ಮೆಲೇ ಏರಿಸಿದರೆ ಹೊರಬರುವ ಟ್ರಿಟಿಯಮ್ಮಿನ ಪ್ರಮಾಣವು ಥಟ್ಟನೆ ಮೇಲೇರಿ, ಕೆಲವು ಹೊತ್ತಿನ ಮೇಲೆ ಪುನಃ ಹಿಂದಿನ ಮಟ್ಟಕ್ಕೇ ಇಳಿಯುತ್ತಿತ್ತು. ಕಾವು ಮೊದಲಿಗಿಂತ ಹೆಚ್ಚಾಗಿಯೇ ಇದ್ದರೂ ಹೀಗೇಕೆ? ಸ್ಥಿರಸ್ಥಿತಿಯಲ್ಲಿ ಹುಟ್ಟಿದಷ್ಟೇ ಹೊರಬರಬೇಕಲ್ಲದೆ ಹೆಚ್ಚು ಬರಲು ಸಾಧ್ಯವಿಲ್ಲ. ನಡುವೆ ಹೆಚ್ಚಾಗಿ ಬಂದುದು ಅಷ್ಟು ದಿನ ಒಳಗೆ ಸಂಚಯವಾಗಿದ್ದ ಹಳೆಯ ಟ್ರಿಟಿಯಮ್ಮು. ಏರಿ ಇಳಿದ ಆ ರೇಖೆಯ ಅಡಿಯ ಕ್ಷೇತ್ರವನ್ನು ಅಳೆದರೆ ಒಳಗಿನ ಸಂಚಯ ಎಷ್ಟು ಕರಗಿತೆಂಬುದು ತಿಳಿಯುತ್ತದೆ.

ಎರಡನೆಯದಾಗಿ, ಕಾವನ್ನು ಬದಲಿಸದೆ, ವಾಹಕ ಹೀಲಿಯಮ್ಮಿನಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಸಾಮಾನ್ಯ ಜಲಜನಕವನ್ನು ಬೆರೆಸಿದೊಡನೆಯೇ ಟ್ರಿಟಿಯಮ್ಮು ಹೆಚ್ಚಾಗಿ ಹೊರಬಂದಿತು. ಹೊರಗಿನ ಅನಿಲವು ಕಣದ ಒಡಲಿನ ವಿಸರಣವನ್ನು ಹೀಗೆ ಒಡನೆಯೇ ಬದಲಿಸಲಾರದು. ಆದುದರಿಂದ ಇಕ್ಕಟ್ಟು ಕಣದ ಒಳಗೆ ಮಾತ್ರವಲ್ಲ, ಮೇಲ್ಮೈಯಲ್ಲಿಯೂ ಇದೆ ಎಂಬುದು ಸಿದ್ಧವಾಯಿತು. ಮೇಲ್ಮೈಯಲ್ಲಿ ಕುಳಿತ ಟ್ರಿಟಿಯಮ್ಮಿನ ಸ್ಥಾನಕ್ಕೆ ಸಾಮಾನ್ಯ ಜಲಜನಕವು ಬಂದು ಕುಳಿತು, ಟ್ರಿಟಿಯಮ್ಮನ್ನು ಜೊತೆಗಾರನೊಂದಿಗೆ ಹೊರಗೆ ಕಳುಹಿಸುತ್ತದೆ. ಇದಕ್ಕೆ ಸಮಸ್ಥಾನಿ ವಿನಿಮಯವೆಂದು ಹೆಸರು. ಇಂದು ಯೋಜಿಸಲಾಗಿರುವ ಹೊದಿಕೆಗಳಲ್ಲಿ ವಾಹಕ ಹೀಲಿಯಮ್ಮಿಗೆ ಸುಮಾರು ಇಷ್ಟೇ ಜಲಜನಕವನ್ನು ಬೆರೆಸುವ ಪದ್ಧತಿ ಈ ಪಾಠದಿಂದಲೇ ಬಂದುದು.

ಜಲಜನಕವನ್ನು ಬೆರೆಸುವುದರಿಂದ ಇನ್ನೊಂದು ಉಪಕಾರವೂ ಇದೆ. ಟ್ರಿಟಿಯಮ್ಮು ನೀರಿನ ಆವಿಯಾಗಿ ಬರುವುದು ಕಡಿಮೆಯಾಗಿ ಅನಿಲವಾಗಿ ಬರುವುದು ಹೆಚ್ಚುತ್ತದೆ. ಟ್ರಿಟಿಯಮ್ ಸೇರಿದ ನೀರು ಶರೀರದಲ್ಲಿ ಸುಲಭವಾಗಿ ಬೆರೆಯುವುದರಿಂದ ಅನಿಲಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು ಹಾನಿಕರವೆಂದು ಲೆಕ್ಕ ಹಾಕಿದ್ದಾರೆ. ಆದರೆ ಇಲ್ಲಿಯೂ ಮಿತಿಯುಂಟು. ಅನಿಲರೂಪದ ಟ್ರಿಟಿಯಮ್ಮು ಕಾದ ಉಕ್ಕಿನ ಗೋಡೆಯನ್ನು ನುಸುಳಿ, ತಂಪುಮಾಡುವ ದ್ರವ್ಯಕ್ಕೆ ಸೇರಿಕೊಳ್ಳಬಲ್ಲುದು. ಬೆರೆಸಿದ ಜಲಜನಕ ಹೆಚ್ಚಾದಷ್ಟೂ ಕೊನೆಯಲ್ಲಿ ಅದರಿಂದ ಟ್ರಿಟಿಯಮ್ಮನ್ನು ಬೇರ್ಪಡಿಸುವ ಶ್ರಮವೂ ಹೆಚ್ಚು.

ವಾಸಕಾಲ

ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪರಿಭಾಷೆ ವಾಸಕಾಲ. ಹುಟ್ಟಿದ ಟ್ರಿಟಿಯಮ್ಮು ಹೊರಬರುವವರೆಗೆ ಸರಾಸರಿ ಎಷ್ಟು ಹೊತ್ತು ಜನಕ ದ್ರವ್ಯದಲ್ಲಿ ಉಳಿಯುತ್ತದೆ ಎಂಬುದೇ ಇದರ ಅರ್ಥ.

ನಮ್ಮ ಪ್ರಸಾದ ನಿಲಯದ ಊಟದ ಪಡಸಾಲೆಯನ್ನು ನೆನೆಯಿರಿ. ನಿಮಿಷಕ್ಕೆ 10 ಮಂದಿ ಒಳಗೆ ಬರುತ್ತಾರೆ; ಪ್ರತಿಯೊಬ್ಬರೂ 20 ನಿಮಿಷ ಕುಳಿತು ಉಂಡು ಏಳುತ್ತಾರೆ ಎಂದಿಟ್ಟುಕೊಳ್ಳಿ. ಆಗ ಪಡಸಾಲೆಯಲ್ಲಿ ಯಾವಾಗಲೂ 200 ಮಂದಿ ಇರುತ್ತಾರೆ. ಅದೇ ಜನರು 40 ನಿಮಿಷ ಕುಳಿತರೆ 400 ಮಂದಿ ಆಗುತ್ತಾರೆ. ಎರಡು ಸಂದರ್ಭಗಳಲ್ಲಿಯೂ ನಿಮಿಷಕ್ಕೆ ಒಳಬರುವವರೂ ಹೊರಹೋಗುವವರೂ 10 ಮಂದಿಯೇ. ಆದರೆ ಹಾಸಬೇಕಾದ ಮಣೆಗಳು ಇಮ್ಮಡಿ. ಟ್ರಿಟಿಯಮ್ಮಿನ ಲೆಕ್ಕವೂ ಹೀಗೆಯೇ. ದಿನಕ್ಕೆ ಹುಟ್ಟುವ ಪ್ರಮಾಣವನ್ನು ವಾಸಕಾಲದಿಂದ ಗುಣಿಸಿದರೆ ಒಳಗಿನ ಸಂಚಯ ದೊರೆಯುತ್ತದೆ.

ಹಿಂದೆ ಹೇಳಿದ 1,000 ಮೆಗಾವ್ಯಾಟಿನ ಸ್ಥಾವರದಲ್ಲಿ ದಿನಕ್ಕೆ ಸುಮಾರು 150 ಗ್ರಾಂ ಹುಟ್ಟಬೇಕು. ವಾಸಕಾಲವು ಒಂದು ದಿನವಾದರೆ ಗುಂಡುಗಳಲ್ಲಿ ಉಳಿಯುವುದು 150 ಗ್ರಾಂ. ಹತ್ತು ದಿನವಾದರೆ ಒಂದೂವರೆ ಕಿಲೋಗ್ರಾಂ. ನೂರು ದಿನವಾದರೆ 15 ಕಿಲೋಗ್ರಾಂ. ಎಂದರೆ ಲೋಕದ ನಾಗರಿಕ ಸಂಗ್ರಹದ ಅರ್ಧಕ್ಕಿಂತಲೂ ಹೆಚ್ಚು. ಆ ನೂರು ದಿನ ಸ್ಥಾವರಕ್ಕೆ ಇಂಧನವನ್ನು ಎಲ್ಲಿಂದ ತರುವುದು? ಜನಕ ಹೊದಿಕೆಯು ಕಾಗದದ ಲೆಕ್ಕದಲ್ಲಿ ಬೇಕಾದುದಕ್ಕಿಂತ ಹೆಚ್ಚನ್ನೇ ಹುಟ್ಟಿಸುತ್ತಿದ್ದರೂ ಇಂತಹ ಸ್ಥಾವರವು ಹಸಿದು ನಿಲ್ಲುತ್ತದೆ. ಇದಲ್ಲದೆ ಅಪಘಾತವಾದರೆ ಹೊರಚೆಲ್ಲಬಹುದಾದ ವಿಕಿರಣದ್ರವ್ಯವೂ ಅಷ್ಟು ಹೆಚ್ಚಾಗಿರುತ್ತದೆ. ಆದುದರಿಂದ ವಾಸಕಾಲವು ಒಂದು ದಿನಕ್ಕೆ ಮೀರಬಾರದೆಂಬುದನ್ನು ವಿಜ್ಞಾನಿಗಳು ಒರೆಗಲ್ಲಾಗಿ ಇಟ್ಟುಕೊಂಡಿದ್ದಾರೆ.

ಕಾವಿನ ಎರಡು ಎಲ್ಲೆಗಳು

ಕಾವು ಹೆಚ್ಚಿದಂತೆ ವಾಸಕಾಲವು ಬಹಳ ಬೇಗ ಕುಗ್ಗುತ್ತದೆ. ಹಾಗಾದರೆ ಕಾವನ್ನು ಬೇಕಾದಷ್ಟು ಏರಿಸಬಾರದೇಕೆ ಎಂದು ಕೇಳಬಹುದು. ಅತಿ ಕಾವಿನಲ್ಲಿ ಕಣಗಳು ಒಂದರೊಳಗೊಂದು ಬೆಸೆದು ದೊಡ್ಡವಾಗುತ್ತವೆ, ರಂಧ್ರಗಳು ಮುಚ್ಚುತ್ತವೆ, ತೆರೆದ ಹೊರದಾರಿಯೇ ಅಡಗಿಹೋಗುತ್ತದೆ. ತೇವಾಂಶವಿದ್ದರೆ ಲಿಥಿಯಮ್ಮೇ ಆವಿಯಾಗಿ ತಂಪಾದೆಡೆಗೆ ಹೋಗಿ ಕೂಡುತ್ತದೆ. ಲಿಥಿಯಮ್ ಆಕ್ಸೈಡಿನಲ್ಲಿ ಈ ದೋಷ ವಿಶೇಷ. ಆದುದರಿಂದ ಕೆಳಗೆ ಸುಮಾರು 400 ಡಿಗ್ರಿ, ಮೇಲೆ ಸುಮಾರು 900 ಡಿಗ್ರಿ ಸೆಲ್ಸಿಯಸ್, ಈ ಎರಡು ಎಲ್ಲೆಗಳ ನಡುವೆ ಗುಂಡುಗಳನ್ನು ಇಡುವಂತೆ ಹೊದಿಕೆಗಳನ್ನು ಯೋಜಿಸುತ್ತಾರೆ. ದ್ರವ್ಯದಿಂದ ದ್ರವ್ಯಕ್ಕೆ ಈ ಎಲ್ಲೆಗಳು ಸ್ವಲ್ಪ ಬದಲಾಗುತ್ತವೆ.

ಇಲ್ಲಿ ಇನ್ನೊಂದು ತೊಡಕಿದೆ. ಗುಂಡುಗಳ ರಾಶಿಯು ಶಾಖವನ್ನು ಚೆನ್ನಾಗಿ ಸಾಗಿಸುವುದಿಲ್ಲ. ರಾಶಿಯ ನಡುವೆ ಬಿಸಿ ಹೆಚ್ಚು. ತಂಪುಗೊಳಿಸಿದ ಗೋಡೆಗಳ ಬಳಿ ಕಡಿಮೆ. ನಡುವಿನ ಗುಂಡುಗಳು ಟ್ರಿಟಿಯಮ್ಮನ್ನು ಬೇಗ ಬಿಟ್ಟುಕೊಟ್ಟರೂ ಗೋಡೆಯ ಬದಿಯ ತಂಪಾದ ಗುಂಡುಗಳು ಹಿಡಿದಿಟ್ಟುಕೊಳ್ಳುತ್ತವೆ. ಒಟ್ಟು ಸಂಚಯದ ದೊಡ್ಡ ಪಾಲು ಈ ತೆಳುವಾದ ಅಂಚಿನಲ್ಲಿಯೇ ಅಡಗಿರುತ್ತದೆ. ರಾಶಿಯ ದಪ್ಪವನ್ನೂ, ಗೋಡೆಯ ಕಾವನ್ನೂ ಎಚ್ಚರಿಕೆಯಿಂದ ನಿರ್ಣಯಿಸಬೇಕಾಗುವುದು ಇದರಿಂದಲೇ.

ನಮ್ಮ ದೇಶ ಮತ್ತು ನಮ್ಮ ನಾಡು

1955ರಲ್ಲಿ ಜಿನೀವಾದಲ್ಲಿ ನಡೆದ ಪರಮಾಣು ಶಕ್ತಿ ಸಮ್ಮೇಳನದ ಅಧ್ಯಕ್ಷರಾಗಿದ್ದ ಡಾ. ಹೋಮಿ ಭಾಭಾ ಅವರು ಇನ್ನೆರಡು ದಶಕಗಳಲ್ಲಿ ಸಮ್ಮಿಲನ ಶಕ್ತಿಯನ್ನು ಹದ್ದಿನಲ್ಲಿಟ್ಟು ಪಡೆಯುವ ಮಾರ್ಗ ದೊರೆಯುವುದೆಂದು ಆಶಿಸಿದ್ದರು. ಆ ಕಾಲ ಕಳೆದು ಬಹಳ ವರ್ಷಗಳಾದವು. ಇಂಗ್ಲೆಂಡಿನ ‘ಜೆಟ್’ ಯಂತ್ರವು 2023ರಲ್ಲಿ ತನ್ನ ಕೊನೆಯ ಪ್ರಯೋಗಗಳಲ್ಲಿ 69 ದಶಲಕ್ಷ ಜೂಲ್ ಸಮ್ಮಿಲನ ಶಕ್ತಿಯನ್ನು ಉತ್ಪಾದಿಸಿತು. ಆದರೆ ಇದುವರೆಗೆ ಯಾವ ಸಮ್ಮಿಲನ ಯಂತ್ರವೂ ತನಗೆ ಬೇಕಾದ ಟ್ರಿಟಿಯಮ್ಮನ್ನು ತಾನೇ ಹುಟ್ಟಿಸಿಕೊಂಡಿಲ್ಲ. ಫ್ರಾನ್ಸಿನ ಕಡಾರಾಶ್‌ನಲ್ಲಿ ಭಾರತವೂ ಸೇರಿದಂತೆ ಅನೇಕ ದೇಶಗಳು ಕಟ್ಟುತ್ತಿರುವ ‘ಇಟರ್’ ಸ್ಥಾವರದಲ್ಲಿ ಜನಕ ಹೊದಿಕೆಯ ಸಣ್ಣ ಮಾದರಿಗಳನ್ನಿಟ್ಟು ಪರೀಕ್ಷಿಸುವ ಉದ್ದೇಶವಿದೆ. 2024ರಲ್ಲಿ ಪ್ರಕಟವಾದ ಪರಿಷ್ಕೃತ ಯೋಜನೆಯಂತೆ ಅಲ್ಲಿ ಟ್ರಿಟಿಯಮ್ಮಿನ ಬಳಕೆ 2039ರಲ್ಲಿ ಆರಂಭವಾಗಬೇಕು.

ಗುಜರಾತಿನ ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕರಗಿದ ಸೀಸ-ಲಿಥಿಯಮ್ಮನ್ನೂ ಲಿಥಿಯಮ್ ಟೈಟನೇಟಿನ ಗುಂಡುಗಳನ್ನೂ ಒಟ್ಟಿಗೆ ಬಳಸುವ ಹೊದಿಕೆಯೊಂದನ್ನು ರೂಪಿಸಿ, ಅಂತಹ ಗುಂಡುಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸುವ ಕೆಲಸವನ್ನು ಮಾಡಿದ್ದಾರೆ. ಕನ್ನಡ ನಾಡಿಗೂ ಈ ವಿಷಯಕ್ಕೂ ನಂಟಿಲ್ಲದೆ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಕೈಗಾದ ಸ್ಥಾವರಗಳು ಭಾರಜಲವನ್ನು ಬಳಸುವಂತಹವು. ಅಂತಹ ಸ್ಥಾವರಗಳ ಭಾರಜಲದಲ್ಲಿ ಟ್ರಿಟಿಯಮ್ಮು ಹುಟ್ಟುವುದನ್ನು ಹಿಂದೆ ಹೇಳಿದ್ದೇನೆ. ಮಂಡ್ಯ ಜಿಲ್ಲೆಯ ಮರಳಗಾಲ ಮತ್ತು ಅಲ್ಲಾಪಟ್ಟಣದ ಪ್ರದೇಶದ ಶಿಲೆಗಳಲ್ಲಿ ಸುಮಾರು 1,600 ಟನ್ ಲಿಥಿಯಮ್ ಇರಬಹುದೆಂದು ಕೇಂದ್ರ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯವು ಅಂದಾಜು ಮಾಡಿದೆ. ಅದು ಪ್ರಾಥಮಿಕ ಅನುಮಾನದ ಲೆಕ್ಕವೇ ಹೊರತು ಅಗೆದು ತೆಗೆದುದಲ್ಲ. ಆದರೆ ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. 56 ಕಿಲೋಗ್ರಾಂ ಟ್ರಿಟಿಯಮ್ಮನ್ನು ಹುಟ್ಟಿಸಲು ಖರ್ಚಾಗುವ ಲಿಥಿಯಮ್-6 ಸುಮಾರು 112 ಕಿಲೋಗ್ರಾಂ ಮಾತ್ರ. ಕಲ್ಲಿಗೆ ಕೊರತೆಯಿಲ್ಲ, ಕಲ್ಲಿನೊಳಗೆ ಹುಟ್ಟಿದುದನ್ನು ಕಾಲಕ್ಕೆ ಸರಿಯಾಗಿ ಹೊರತರುವ ವಿದ್ಯೆಯು ಪೂರ್ಣವಾಗಿ ಕೈವಶವಾಗಬೇಕಾಗಿದೆ.

ಉಪಸಂಹಾರ

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಸಮ್ಮಿಲನದ ಇಂಧನವು ಅಕ್ಷಯವೆಂದು ಹೇಳಬೇಕಾದರೆ ಮೂರು ಮಾತುಗಳು ಸಿದ್ಧವಾಗಬೇಕು. ಒಂದು, ಖರ್ಚಾದುದಕ್ಕಿಂತ ಹೆಚ್ಚು ಟ್ರಿಟಿಯಮ್ಮು ಹುಟ್ಟಬೇಕು. ಎರಡು, ಹುಟ್ಟಿದುದು ಸುಮಾರು ಒಂದು ದಿನದೊಳಗೆ ಜನಕ ದ್ರವ್ಯವನ್ನು ಬಿಟ್ಟು ಹೊರಬರಬೇಕು. ಮೂರು, ಹೊರಬಂದುದು ಗೋಡೆಗಳಲ್ಲಿ ನುಸುಳಿ ಹೋಗದೆ ಸಂಗ್ರಹವಾಗಿ ಪ್ಲಾಸ್ಮಾವನ್ನು ಮರಳಿ ಸೇರಬೇಕು. ಮೂರನ್ನೂ ಬಿಡಿಬಿಡಿಯಾಗಿ ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿದ್ದಾರೆ. ಒಂದೇ ಸ್ಥಾವರದಲ್ಲಿ ಮೂರೂ ಕೂಡಿ ನಡೆದುದನ್ನು ಲೋಕವು ಇನ್ನೂ ಕಂಡಿಲ್ಲ.

ಆ ವಿದ್ಯಾರ್ಥಿಯನ್ನು ಕರೆದು ಇಷ್ಟನ್ನೂ ವಿವರಿಸಿದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಗುರುಗಳೇ, 2039ರ ಹೊತ್ತಿಗೆ ಈ ಕೆಲಸಕ್ಕೆ ಜನ ಬೇಕಾಗುತ್ತಾರಲ್ಲವೇ?” ಎಂದನು. ಬೇಕಾಗುತ್ತಾರೆ ಎಂದೆನು. ತನ್ನ ವಯಸ್ಸಿಗೆ ಅಷ್ಟು ವರ್ಷಗಳನ್ನು ಬೆರಳಿನಲ್ಲಿ ಎಣಿಸಿ ಕೂಡಿಸುತ್ತ ಅವನು ತರಗತಿಗೆ ಹೊರಟುಹೋದನು.